ಲೋಹದಲ್ಲಿ ಒಳಥ್ರೆಡ್ ಮಾಡುವ ವಿಧಾನಗಳು

ಬೋಲ್ಟು ತಿರುಗಿ ಕೂರುವಂತೆ ತೂತಿನ ಒಳಗೋಡೆಯಲ್ಲಿ ಕೊರೆದ ಅಥವಾ ಒತ್ತಿ ಎಬ್ಬಿಸಿದ ಸುರುಳಿ ಏಣೇ ಒಳಥ್ರೆಡ್. ನಟ್ಟಿನೊಳಗೆ ಇರುವುದು ಇದೇ. ಮೋಟಾರಿನ ಬಾಡಿ, ಪಂಪಿನ ಕವಚ, ಬೈಕಿನ ಎಂಜಿನ್, ಲೇತ್‌ನ ಬೆಡ್ಡು, ಹೀಗೆ ಬಿಚ್ಚಿ ಮತ್ತೆ ಜೋಡಿಸಬೇಕಾದ ಲೋಹದ ವಸ್ತು ಯಾವುದೇ ಇರಲಿ, ಅದರಲ್ಲಿ ಇಂಥ ತೂತುಗಳು ಹತ್ತಾರು. ಹೊರಥ್ರೆಡ್ ಮಾಡುವುದು ಇದಕ್ಕಿಂತ ಸಲೀಸು. ಸರಳಿನ ಮೇಲೆ ಡೈ ತಿರುಗುವಾಗ ಕೆಲಸ ಕಣ್ಣೆದುರೇ ನಡೆಯುತ್ತದೆ, ಕತ್ತರಿಸಿದ ಲೋಹ ಕೆಳಗೆ ಉದುರುತ್ತದೆ, ಹತ್ಯಾರು ಎಷ್ಟು ದಪ್ಪವಿದ್ದರೂ ಅಡ್ಡಿಯಿಲ್ಲ. ತೂತಿನೊಳಗೆ ಈ ಮೂರು ಅನುಕೂಲವೂ ಇಲ್ಲ. ಹತ್ಯಾರು ತೂತಿನಲ್ಲಿ ಹಿಡಿಸಬೇಕು. ಅಷ್ಟು ಸಣ್ಣ ಮೈಯಲ್ಲೇ ಚೂರುಗಳಿಗೆ ಕಾಲುವೆಯನ್ನೂ ಬಿಡಬೇಕು. ಹೀಗಾಗಿ 6 ಮಿ.ಮೀ. ಬೋಲ್ಟಿಗೆ ಥ್ರೆಡ್ ಮಾಡಿಕೊಡುವ ಟ್ಯಾಪು ಆ ಬೋಲ್ಟಿಗಿಂತ ಗಟ್ಟಿಯಾಗಿದ್ದರೂ ಅದಕ್ಕಿಂತ ಬೇಗ ಮುರಿಯುತ್ತದೆ.

ಒಳಥ್ರೆಡ್ ಮಾಡುವ ವಿಧಾನಗಳು ಹಲವು. ಕೈಯಿಂದ ತಿರುಗಿಸುವ ಟ್ಯಾಪು, ಯಂತ್ರದ ಟ್ಯಾಪು, ಲೋಹ ಕತ್ತರಿಸದೆ ಒತ್ತುವ ಟ್ಯಾಪು, ಲೇತ್‌ನ ಒಂಟಿ ಮೊನೆಯ ಟೂಲು, ಥ್ರೆಡ್ ಮಿಲ್ಲಿಂಗ್, ವಿದ್ಯುತ್ ಕಿಡಿ, ಇವಲ್ಲದೆ ತೆಳು ತಗಡಿಗೆಂದೇ ಹುಟ್ಟಿದ ಉಪಾಯಗಳು. ಇವುಗಳ ನಡುವಿನ ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಥ್ರೆಡ್ಡಿನ ಸಂದಿಯಲ್ಲಿದ್ದ ಲೋಹ ಎಲ್ಲಿಗೆ ಹೋಗುತ್ತದೆ? ಪ್ರತಿ ವಿಧಾನವೂ ಇದಕ್ಕೆ ಕೊಟ್ಟ ಒಂದೊಂದು ಉತ್ತರ. ಯಾವ ಕೆಲಸಕ್ಕೆ ಯಾವುದು ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೂ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಮೊದಲು ತೂತು

ಥ್ರೆಡ್ ಚೆನ್ನಾಗಿ ಬರುವುದು ಬಿಡುವುದು ಟ್ಯಾಪಿಗಿಂತ ಹೆಚ್ಚಾಗಿ ಅದಕ್ಕೂ ಮೊದಲು ಹಾಕಿದ ಡ್ರಿಲ್ಲನ್ನು ಅವಲಂಬಿಸಿದೆ. ಮೆಟ್ರಿಕ್ ಥ್ರೆಡ್ಡಿನ ಲೆಕ್ಕ ಬಾಯಲ್ಲೇ ಮಾಡುವಂಥದ್ದು: ಬೋಲ್ಟಿನ ವ್ಯಾಸದಿಂದ ಪಿಚ್ ಕಳೆದರೆ ಡ್ರಿಲ್ಲಿನ ವ್ಯಾಸ ಸಿಗುತ್ತದೆ. ಪಿಚ್ ಎಂದರೆ ಅಕ್ಕಪಕ್ಕದ ಎರಡು ಏಣುಗಳ ನಡುವಿನ ದೂರ. ಸಾಮಾನ್ಯ ಬೋಲ್ಟು ಒಂದು ಸುತ್ತಿಗೆ ಅಷ್ಟೇ ಮುಂದೆ ಸಾಗುತ್ತದೆ. ಎಂ6ರ ಪಿಚ್ 1 ಮಿ.ಮೀ., ಆದ್ದರಿಂದ ಡ್ರಿಲ್ 5 ಮಿ.ಮೀ. ಎಂ8ರ ಪಿಚ್ 1.25, ಡ್ರಿಲ್ 6.8. ಎಂ10ಕ್ಕೆ 1.5 ಮತ್ತು 8.5, ಎಂ12ಕ್ಕೆ 1.75 ಮತ್ತು 10.2. ಸಣ್ಣವುಗಳಲ್ಲಿ ಎಂ3ಕ್ಕೆ 2.5, ಎಂ4ಕ್ಕೆ 3.3, ಎಂ5ಕ್ಕೆ 4.2. ವರ್ಕ್‌ಶಾಪಿನ ಗೋಡೆಯ ಮೇಲೆ ಎಣ್ಣೆ ಮೆತ್ತಿಕೊಂಡ ಡ್ರಿಲ್ ಚಾರ್ಟಿನಲ್ಲಿ ಇರುವುದೂ ಇವೇ ಅಂಕಿಗಳು.

ತೂತು ಚಿಕ್ಕದಿದ್ದಷ್ಟೂ ಥ್ರೆಡ್ ತುಂಬಿಕೊಂಡು ಬರುತ್ತದೆ, ತುಂಬಿದ ಥ್ರೆಡ್ ಗಟ್ಟಿ ಎಂಬ ಎಣಿಕೆಯಿಂದ ಬೇಕೆಂದೇ ಸಣ್ಣ ಡ್ರಿಲ್ ಹಾಕುವವರಿದ್ದಾರೆ. ಎಣಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದರಿಂದ ಬರುವ ಲಾಭ ಅತ್ಯಲ್ಪ. ಮುಕ್ಕಾಲು ಪಾಲು ಆಳದ ಥ್ರೆಡ್ಡನ್ನು ಪೂರ್ತಿ ಆಳಕ್ಕೆ ಒಯ್ದರೆ ಬಲ ಶೇಕಡ 5ರ ಆಸುಪಾಸು ಹೆಚ್ಚುತ್ತದೆ, ಟ್ಯಾಪ್ ತಿರುಗಿಸಲು ಬೇಕಾದ ಶಕ್ತಿ ಮಾತ್ರ ಮೂರು ಪಟ್ಟಾಗುತ್ತದೆ ಎಂಬುದು ಈ ಕಸುಬಿನಲ್ಲಿ ಹಳೆಯ ಮಾತು. ಆ ಮೂರು ಪಟ್ಟನ್ನು ತಾಳಬೇಕಾದದ್ದು ಮೈತುಂಬ ಕಾಲುವೆಗಳಿರುವ ಒಂದು ತೆಳು ಉಕ್ಕಿನ ಕಡ್ಡಿ. ತೂತು ದೊಡ್ಡದಾದರೆ ತೊಂದರೆ ಬೇರೆ ಬಗೆಯದು: ಏಣಿನ ತುದಿ ಮೊಂಡಾಗಿ, ಬೋಲ್ಟನ್ನು ಬಿಗಿಯುವಾಗ ಥ್ರೆಡ್ ಕಿತ್ತು ಬರುತ್ತದೆ. ಕೈಯಲ್ಲಿ ಸಾಣೆ ಹಿಡಿದ ಡ್ರಿಲ್ಲಿನ ಎರಡು ಅಂಚು ಸಮನಾಗಿರದಿದ್ದರೆ ಅದು ತನ್ನ ಅಳತೆಗಿಂತ ದೊಡ್ಡ ತೂತನ್ನೇ ಕೊರೆಯುತ್ತದೆ. ಡ್ರಿಲ್ಲಿನ ಮೇಲೆ 8.5 ಎಂದು ಕೊರೆದಿದ್ದ ಮಾತ್ರಕ್ಕೆ ತೂತೂ 8.5 ಇದೆ ಎಂದು ನಂಬುವಂತಿಲ್ಲ.

ಥ್ರೆಡ್ ಎಷ್ಟು ಉದ್ದ ಇರಬೇಕು? ಉಕ್ಕಿನ ಬೋಲ್ಟು ಉಕ್ಕಿನ ತೂತಿಗೆ ಹೋಗುವುದಾದರೆ ಬೋಲ್ಟಿನ ವ್ಯಾಸದಷ್ಟು ಉದ್ದ ಸಾಕು. ಬೀಡಿನಲ್ಲಿ ಒಂದೂವರೆ ಪಟ್ಟು, ಅಲ್ಯುಮಿನಿಯಮ್ಮಿನಲ್ಲಿ ಎರಡು ಪಟ್ಟು ಕೊಡುವುದು ವಾಡಿಕೆ. ಇನ್ನೂ ಆಳಕ್ಕೆ ಹೋದರೆ ಸಿಗುವ ಪ್ರಯೋಜನ ಕಡಿಮೆ. ಬಿಗಿದ ಬೋಲ್ಟಿನ ಭಾರ ಎಲ್ಲ ಏಣುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಮೊದಲನೆಯ ಏಣೇ ಸುಮಾರು ಮೂರನೇ ಒಂದು ಪಾಲನ್ನು ಹೊರುತ್ತದೆ, ಆರೇಳು ಏಣು ದಾಟಿದ ಮೇಲೆ ಉಳಿದವಕ್ಕೆ ಕೆಲಸವೇ ಇರುವುದಿಲ್ಲ. ಥ್ರೆಡ್ ಕೀಳುವ ಮೊದಲು ಬೋಲ್ಟೇ ಮುರಿಯುವಂತೆ ಉದ್ದ ಇಡಬೇಕೆಂಬುದು ವಿನ್ಯಾಸಕಾರರ ನಿಯಮ. ಕೇಳಲು ವಿಚಿತ್ರ. ಆದರೆ ಮುರಿದ ಬೋಲ್ಟು ಕಣ್ಣಿಗೆ ಕಾಣುತ್ತದೆ, ಬದಲಿಸಬಹುದು. ಒಳಗೊಳಗೇ ಅರ್ಧ ಕಿತ್ತ ಥ್ರೆಡ್ ಎಲ್ಲ ಸರಿಯಿರುವಂತೆ ತೋರಿಸಿಕೊಂಡು ಕೂತಿರುತ್ತದೆ.

ಆಚೆಗೆ ಹಾಯದ ತೂತಿಗೆ ವರ್ಕ್‌ಶಾಪಿನಲ್ಲಿ ಬ್ಲೈಂಡ್ ಹೋಲ್ ಎನ್ನುತ್ತಾರೆ. ಇದನ್ನು ಥ್ರೆಡ್ ಬೇಕಾದಷ್ಟೇ ಆಳಕ್ಕೆ ಕೊರೆದರೆ ಕೆಲಸ ಕೆಟ್ಟಿತು. ಟ್ಯಾಪಿನ ತುದಿ ಮೊನಚಾಗಿ ಇಳಿದಿರುವುದರಿಂದ ಅಲ್ಲಿ ಪೂರ್ತಿ ಥ್ರೆಡ್ ಆಗುವುದಿಲ್ಲ. ಚೂರು ಕೂರಲೂ ಜಾಗ ಬೇಕು. ಅದಕ್ಕೇ ಐದಾರು ಪಿಚ್‌ನಷ್ಟಾದರೂ ಹೆಚ್ಚು ಆಳ ಕೊರೆಯುತ್ತಾರೆ. ತೂತಿನ ಬಾಯನ್ನು ಬೋಲ್ಟಿನ ವ್ಯಾಸಕ್ಕಿಂತ ತುಸು ಅಗಲವಾಗಿ ಕೌಂಟರ್‌ಸಿಂಕ್ ಮಾಡುವುದೂ ಇದೇ ಹಂತದ ಕೆಲಸ. ಮಾಡದೆ ಬಿಟ್ಟರೆ ಮೊದಲ ಏಣು ಮೇಲಕ್ಕೆ ಉಬ್ಬಿ, ಮೇಲೆ ಕೂರುವ ಭಾಗ ಸಮತಟ್ಟಾಗಿ ಕೂರುವುದಿಲ್ಲ.

ಕೈ ಟ್ಯಾಪು

ಕೈ ಟ್ಯಾಪುಗಳು ಮೂರರ ಸೆಟ್ಟಿನಲ್ಲಿ ಬರುತ್ತವೆ. ಮೊದಲನೆಯದರ ತುದಿ ಏಳರಿಂದ ಹತ್ತು ಏಣುಗಳವರೆಗೆ ಇಳಿಜಾರಾಗಿದ್ದು ತೂತಿನೊಳಗೆ ತಾನೇ ದಾರಿ ಹಿಡಿಯುತ್ತದೆ. ಎರಡನೆಯದರ ಇಳಿಜಾರು ಮೂರರಿಂದ ಐದು ಏಣು. ಪ್ಲಗ್ ಎಂದು ಕರೆಯುವ ಮೂರನೆಯದಕ್ಕೆ ಒಂದೆರಡು ಏಣಿನಷ್ಟೇ ಇಳಿಜಾರು. ಅದು ತೂತಿನ ತಳದವರೆಗೂ ಥ್ರೆಡ್ ಒಯ್ಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಬ್ರಿಟಿಷ್ ಪದ್ಧತಿಯ ಸೆಟ್ಟಿನಲ್ಲಿ ಮೂರು ಟ್ಯಾಪುಗಳ ವ್ಯಾಸವೂ ಒಂದೇ, ಬೇರೆಯಾಗಿರುವುದು ತುದಿಯ ಇಳಿಜಾರು ಮಾತ್ರ. ಆದ್ದರಿಂದ ಆಚೆಗೆ ಹಾಯ್ದ ತೂತಿಗೆ ಮೊದಲನೆಯದೊಂದನ್ನೇ ಪೂರ್ತಿ ಇಳಿಸಿದರೆ ಸಾಕು. ಜರ್ಮನ್ ಪದ್ಧತಿಯ ಸೀರಿಯಲ್ ಸೆಟ್ಟಿನಲ್ಲಿ ಮೊದಲೆರಡರ ವ್ಯಾಸವೇ ಕಡಿಮೆ. ಮೂರೂ ಇಳಿದರೆ ಮಾತ್ರ ಥ್ರೆಡ್ ಪೂರ್ಣ. ಇವುಗಳ ಕಡ್ಡಿಯ ಮೇಲೆ ಮೊದಲನೆಯದಕ್ಕೆ ಒಂದು ಉಂಗುರದ ಗೀರು, ಎರಡನೆಯದಕ್ಕೆ ಎರಡು ಗೀರು, ಕೊನೆಯದಕ್ಕೆ ಏನೂ ಇಲ್ಲ. ಈ ಗುರುತು ಗೊತ್ತಿಲ್ಲದವರು ಮೊದಲನೆಯದನ್ನೇ ಹೊಡೆದು, ಬೋಲ್ಟು ಹೋಗದಿದ್ದಾಗ ಬೋಲ್ಟನ್ನು ಬೈಯುತ್ತಾರೆ.

ಐಟಿಐಯ ಫಿಟ್ಟರ್ ಟ್ರೇಡಿನಲ್ಲಿ ಕಲಿಸುವ ಕ್ರಮ ಇಂದಿಗೂ ಬದಲಾಗಿಲ್ಲ. ಕೆಲಸವನ್ನು ವೈಸಿನಲ್ಲಿ ಮಟ್ಟವಾಗಿ ಕಚ್ಚಿಸಬೇಕು. ಟ್ಯಾಪಿನ ಚೌಕ ತಲೆಗೆ ಟ್ಯಾಪ್ ಹ್ಯಾಂಡಲ್ ಕೂರಿಸಿ, ಎರಡೂ ಕೈಯ ಒತ್ತಡ ಸಮನಾಗಿರುವಂತೆ ಒಂದೆರಡು ಸುತ್ತು ತಿರುಗಿಸಬೇಕು. ಆಮೇಲೆ ಹ್ಯಾಂಡಲ್ ತೆಗೆದು, ಟ್ರೈ ಸ್ಕ್ವೇರನ್ನು ಒಂದಕ್ಕೊಂದು ಅಡ್ಡವಾದ ಎರಡು ಬದಿಯಲ್ಲಿ ಇಟ್ಟು ಟ್ಯಾಪ್ ನೇರ ನಿಂತಿದೆಯೇ ನೋಡಬೇಕು. ವಾಲಿದ್ದರೆ ತಿದ್ದಲು ಇದೊಂದೇ ಅವಕಾಶ; ನಾಲ್ಕೈದು ಸುತ್ತು ಇಳಿದ ಮೇಲೆ ತಿದ್ದಲು ಹೋದರೆ ಟ್ಯಾಪ್ ಮುರಿಯುತ್ತದೆ. ಒಮ್ಮೆ ಹಿಡಿದ ಮೇಲೆ ಮೇಲಿಂದ ಒತ್ತುವುದು ಬೇಡ, ಅದು ತನ್ನ ಥ್ರೆಡ್ಡಿನಿಂದಲೇ ತನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಕೈಗೆ ಸಣ್ಣದೊಂದು ಬಿಗಿ ಸಿಕ್ಕಿ ಟಕ್ಕನೆ ಸಡಿಲವಾಗುತ್ತದೆ. ಚೂರು ತುಂಡಾದ ಗುರುತು ಅದು. ಆ ಚೂರು ಕಾಲುವೆಯಲ್ಲಿ ಕೂರುತ್ತದೆ; ಕಾಲುವೆ ತುಂಬಿದರೆ ಟ್ಯಾಪನ್ನು ಪೂರ್ತಿ ಹೊರತೆಗೆದು ಒರೆಸಿ ಮತ್ತೆ ಇಳಿಸಬೇಕು. ಎಂ3, ಎಂ4ರಂಥ ಸಣ್ಣ ಟ್ಯಾಪಿಗೆ ಉದ್ದನೆಯ ಹ್ಯಾಂಡಲ್ ಹಾಕಬಾರದು. ತೋಳಿನ ಬಲ ಬೆರಳಿಗೆ ತಿಳಿಯುವ ಮೊದಲೇ ಅದು ಕಟ್ ಎಂದಿರುತ್ತದೆ.

ಎಣ್ಣೆಯ ಆಯ್ಕೆ ಲೋಹಕ್ಕೆ ತಕ್ಕಂತೆ. ಉಕ್ಕಿಗೆ ಗಂಧಕ ಬೆರೆತ ಕಟಿಂಗ್ ಆಯಿಲ್ ಒಳ್ಳೆಯದು, ಅಲ್ಯುಮಿನಿಯಮ್ಮಿಗೆ ಸೀಮೆಎಣ್ಣೆ, ಹಿತ್ತಾಳೆಗೆ ಒಣಗಿದ್ದರೂ ನಡೆಯುತ್ತದೆ. ಬೀಡಿನಲ್ಲಿರುವ ಗ್ರಾಫೈಟೇ ಜಾರಿಕೆ ಕೊಡುತ್ತದೆ, ಅದರ ಚೂರು ಪುಡಿಯಾಗಿ ಉದುರುತ್ತದೆ. ಎಣ್ಣೆ ಹಾಕಿದರೆ ಆ ಪುಡಿ ಕೆಸರಾಗಿ ಕಾಲುವೆಗೆ ಮೆತ್ತಿಕೊಳ್ಳುವುದರಿಂದ ಒಣಗಿಯೇ ಟ್ಯಾಪ್ ಹೊಡೆಯುತ್ತಾರೆ. ಬೆಳಗಾವಿಯ ಫೌಂಡ್ರಿಗಳಿಂದ ಬರುವಂಥ ಬೀಡಿನ ಎರಕಗಳಲ್ಲಿ ಕಷ್ಟ ಕೊಡುವುದು ಒಳಲೋಹವಲ್ಲ, ಮರಳಿನ ಕಣ ಅಂಟಿದ ಹೊರಚರ್ಮ. ಎಲ್ಲಕ್ಕಿಂತ ಸತಾಯಿಸುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್: ಟ್ಯಾಪ್ ಕತ್ತರಿಸದೆ ಉಜ್ಜಿದರೆ ಅಷ್ಟು ಜಾಗದ ಲೋಹ ಅಲ್ಲೇ ಗಡುಸಾಗಿ, ಮುಂದಿನ ಸುತ್ತಿನಲ್ಲಿ ಇನ್ನೂ ಕತ್ತರಿಸದಂತಾಗುತ್ತದೆ. ಮೊಂಡು ಟ್ಯಾಪನ್ನು ಅದರ ಹತ್ತಿರ ತರಲೇಬಾರದು.

ಅಳತೆ ಒಂದಾದ ಬಗೆ

ಒಳಥ್ರೆಡ್ ಮಾಡುವ ಹತ್ಯಾರು ಲೋಹಕ್ಕಿಂತ ಮೊದಲು ಮರಕ್ಕೆ ಬಂತು. ಅಲೆಕ್ಸಾಂಡ್ರಿಯಾದ ಹೀರಾನ್ ಕ್ರಿಸ್ತಶಕ 1ನೇ ಶತಮಾನದಲ್ಲಿ, ಹಣ್ಣಿನ ರಸ ಹಿಂಡುವ ಗಾಣದ ಮರದ ತೊಲೆಯಲ್ಲಿ ತಿರುಪಿನ ತೂತು ಕೊರೆಯುವ ಸಾಧನವನ್ನು ವಿವರಿಸಿದ್ದಾನೆ. ಆ ಕೃತಿ ಇಂದು ಉಳಿದಿರುವುದು ಅರಬ್ಬಿ ಅನುವಾದದಲ್ಲಿ. ಲೋಹದಲ್ಲಿ ಬಹುಕಾಲ ಪ್ರತಿ ಕಾರ್ಖಾನೆಯೂ ತನ್ನ ಟ್ಯಾಪನ್ನು ತಾನೇ ಮಾಡಿಕೊಳ್ಳುತ್ತಿತ್ತು. ಒಂದು ಯಂತ್ರದ ನಟ್ಟು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಬಿಚ್ಚಿದ ನಟ್ಟನ್ನು ಅದೇ ಬೋಲ್ಟಿಗೆ ಹಾಕಲು ಗುರುತು ಮಾಡಿಡಬೇಕಿತ್ತು. ಲಂಡನ್ನಿನ ಹೆನ್ರಿ ಮೌಡ್ಸ್‌ಲೆ 1800ರ ಆಸುಪಾಸಿನಲ್ಲಿ ನಿಖರವಾದ ಸ್ಕ್ರೂ ಕತ್ತರಿಸುವ ಲೇತ್ ಕಟ್ಟಿದ ಮೇಲೆ ಒಂದೇ ಪಿಚ್‌ನ ಟ್ಯಾಪುಗಳನ್ನು ಮತ್ತೆ ಮತ್ತೆ ಮಾಡುವುದು ಸಾಧ್ಯವಾಯಿತು. ಅವನ ಬಳಿ ದುಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬ್ರಿಟನ್ನಿಗೆಲ್ಲ ಒಂದೇ ಥ್ರೆಡ್ ಇರಲಿ ಎಂದು ಸೂಚಿಸಿದ. ಅದರ ಕೋನ 55 ಡಿಗ್ರಿ, ತುದಿ ದುಂಡು. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿ ಕೋನ ಮತ್ತು ಚಪ್ಪಟೆ ತುದಿಯ ಥ್ರೆಡ್ಡನ್ನು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಮುಂದಿಟ್ಟ. ಎರಡು ದೇಶಗಳ ಬೋಲ್ಟುಗಳು ಒಂದಕ್ಕೊಂದು ಹೊಂದದ ತೊಂದರೆಯನ್ನು ಎರಡನೇ ಮಹಾಯುದ್ಧ ಎತ್ತಿ ತೋರಿಸಿತು. ಅಮೆರಿಕ, ಬ್ರಿಟನ್, ಕೆನಡಾ ಒಪ್ಪಂದಕ್ಕೆ ಬಂದದ್ದು 1948ರಲ್ಲಿ. ಇಂದಿನ ಐಎಸ್‌ಒ ಮೆಟ್ರಿಕ್ ಥ್ರೆಡ್ಡಿನ ಕೋನವೂ 60 ಡಿಗ್ರಿ. ಭಾರತದಲ್ಲಿ ಅದರ ಮಾನಕ ಐಎಸ್ 4218.

ಹಾಗೆಂದು ಹಳೆಯದು ತೊಲಗಿಲ್ಲ. ನಮ್ಮ ಮನೆಯ ನಲ್ಲಿ ಕೂರುವುದು ವಿಟ್‌ವರ್ತನ 55 ಡಿಗ್ರಿ ಕೋನದ ಬಿಎಸ್‌ಪಿ ಪೈಪ್ ಥ್ರೆಡ್ಡಿನಲ್ಲಿ. ಅರ್ಧ ಇಂಚಿನ ಬಿಎಸ್‌ಪಿಯ ಹೊರವ್ಯಾಸ 20.955 ಮಿ.ಮೀ., ಅಂದರೆ ಮುಕ್ಕಾಲು ಇಂಚಿಗೂ ಹೆಚ್ಚು. ಅರ್ಧ ಇಂಚು ಎಂಬುದು ಒಳಗೆ ನೀರು ಹರಿಯುವ ಪೈಪಿನ ಲೆಕ್ಕ. ಇದರ ಟೇಪರ್ ಬಗೆಯ ಟ್ಯಾಪು 16ಕ್ಕೆ 1ರಂತೆ ಇಳಿಜಾರಾಗಿರುವುದರಿಂದ ಎಲ್ಲಿ ನಿಲ್ಲಿಸಬೇಕೆಂಬುದು ಮುಖ್ಯ. ಎರಡು ಸುತ್ತು ಹೆಚ್ಚಿಗೆ ಇಳಿಸಿದರೆ ಪೈಪು ಬಿಗಿಯಾಗದೆ ನೀರು ಜಿನುಗುತ್ತದೆ. ಸೈಕಲ್ಲಿನ ಎಡ ಪೆಡಲಿನ ತೂತಿಗೂ ಅಸಿಟಿಲೀನ್‌ನಂಥ ಉರಿಯುವ ಗ್ಯಾಸಿನ ಸಿಲಿಂಡರ್ ಜೋಡಣೆಗೂ ಎಡಗೈ ಥ್ರೆಡ್. ಅವಕ್ಕೆ ಟ್ಯಾಪೇ ಬೇರೆ.

ಯಂತ್ರದ ಟ್ಯಾಪು

ಯಂತ್ರದಲ್ಲಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬ ತಾಳ ನಡೆಯದು. ಟ್ಯಾಪು ಒಂದೇ ಉಸಿರಿಗೆ ಇಳಿದು, ಉಲ್ಟಾ ತಿರುಗಿ ಹೊರಬರಬೇಕು. ಹೀಗಾಗಿ ಚೂರನ್ನು ಸಾಗಿಸುವ ಹೊಣೆ ಟ್ಯಾಪಿನ ಆಕಾರದ ಮೇಲೆ ಬಿತ್ತು. ಗನ್ ಟ್ಯಾಪಿನ ತುದಿಯಲ್ಲಿ ಕಾಲುವೆಯನ್ನು ಓರೆಯಾಗಿ ತಿದ್ದಿರುತ್ತಾರೆ. ಅದು ಚೂರನ್ನು ತನ್ನ ಮುಂದಕ್ಕೆ ತಳ್ಳುತ್ತದೆ. ತೂತು ಆಚೆಗೆ ತೆರೆದಿದ್ದರೆ ಉದ್ದನೆಯ ಸುರುಳಿ ಕೆಳಗೆ ಬಿದ್ದುಹೋಗುತ್ತದೆ. ಚೂರಿಗೆ ಕಾಲುವೆಯಲ್ಲಿ ಜಾಗ ಬೇಕಿಲ್ಲದ ಕಾರಣ ಕಾಲುವೆ ಕಿರಿದು, ಟ್ಯಾಪಿನ ಮೈ ದಪ್ಪ, ಬಲ ಹೆಚ್ಚು. ಬ್ಲೈಂಡ್ ತೂತಿಗೆ ಇದನ್ನು ಹಾಕಿದರೆ ಚೂರು ತಳದಲ್ಲಿ ಗಿಡಿದುಕೊಂಡು ಟ್ಯಾಪನ್ನು ಮುರಿಯುತ್ತದೆ. ಅಲ್ಲಿಗೆ ಸುರುಳಿ ಕಾಲುವೆಯ ಸ್ಪೈರಲ್ ಟ್ಯಾಪೇ ಆಗಬೇಕು. ಅದು ಡ್ರಿಲ್ಲಿನಂತೆ ಚೂರನ್ನು ಮೇಲಕ್ಕೆ ಎತ್ತಿ ತರುತ್ತದೆ. ಇದರ ಮೈ ತೆಳು, ಅಂಚು ಸೂಕ್ಷ್ಮ. ಬೀಡಿಗೆ ಮತ್ತೆ ನೇರ ಕಾಲುವೆಯದೇ ಸರಿ, ಪುಡಿಯನ್ನು ಎತ್ತಲು ಸುರುಳಿ ಬೇಕಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ, ಕಂಪ್ಯೂಟರ್ ನಡೆಸುವ ಯಂತ್ರಗಳಿರುವ ಯಾವುದೇ ಸಿಎನ್‌ಸಿ ವರ್ಕ್‌ಶಾಪಿನಲ್ಲಿ ಟ್ಯಾಪ್ ಮುರಿದಾಗ ಮೊದಲು ಕೇಳಬೇಕಾದದ್ದು ವೇಗದ ಬಗ್ಗೆ ಅಲ್ಲ, ತೂತಿನ ಬಗೆಗೆ ಸರಿಯಾದ ಟ್ಯಾಪೇ ಹಾಕಿದ್ದೆವೇ ಎಂದು.

ಯಂತ್ರ ಟ್ಯಾಪಿಂಗಿನ ಇನ್ನೊಂದು ಕಷ್ಟ ಹೊಂದಾಣಿಕೆಯದು. ಸ್ಪಿಂಡಲ್ ಒಂದು ಸುತ್ತು ತಿರುಗಿದಾಗ ಸರಿಯಾಗಿ ಒಂದು ಪಿಚ್ ಇಳಿಯಬೇಕು. ಎಂ8 ಟ್ಯಾಪನ್ನು ನಿಮಿಷಕ್ಕೆ 500 ಸುತ್ತಿನಲ್ಲಿ ಓಡಿಸಿದರೆ ಇಳಿತದ ವೇಗ 500 ಗುಣಿಲೆ 1.25, ಅಂದರೆ ನಿಮಿಷಕ್ಕೆ 625 ಮಿ.ಮೀ. ಹಳೆಯ ಯಂತ್ರಗಳು ತಳದಲ್ಲಿ ನಿಂತು ಉಲ್ಟಾ ತಿರುಗುವಾಗ ಸುತ್ತಿಗೂ ಇಳಿತಕ್ಕೂ ತಾಳೆ ತಪ್ಪುತ್ತಿತ್ತು. ಆ ವ್ಯತ್ಯಾಸ ನುಂಗಲು ಸ್ಪ್ರಿಂಗ್ ಇರುವ ತೇಲುವ ಹೋಲ್ಡರ್ ಬಳಸುತ್ತಿದ್ದರು. ಈಗಿನ ಸಿಎನ್‌ಸಿಯ ಜಿ84 ಆದೇಶದಲ್ಲಿ ಸ್ಪಿಂಡಲ್ಲಿನ ಕೋನವನ್ನೂ ಇಳಿತವನ್ನೂ ಕಂಟ್ರೋಲರೇ ಜೋಡಿಸಿ ನಡೆಸುವುದರಿಂದ ಗಟ್ಟಿ ಹೋಲ್ಡರಿನಲ್ಲೇ ಟ್ಯಾಪ್ ಹೊಡೆಯಬಹುದು. ರಿಜಿಡ್ ಟ್ಯಾಪಿಂಗ್ ಎನ್ನುವುದು ಇದಕ್ಕೇ.

ನಟ್ಟಿನ ಕಾರ್ಖಾನೆಯಲ್ಲಿ ಉಲ್ಟಾ ತಿರುಗಿಸುವ ಹೊತ್ತೂ ದುಬಾರಿ. ಅಲ್ಲಿನ ಟ್ಯಾಪಿನ ಬಾಲ ಕೊಕ್ಕೆಯಂತೆ ಬಾಗಿರುತ್ತದೆ. ಒಂದರ ಹಿಂದೆ ಒಂದು ನಟ್ಟು ಟ್ಯಾಪಿನ ಮೇಲೇರಿ, ಥ್ರೆಡ್ ಆಗಿ, ಹಾಗೆಯೇ ಬಾಲದುದ್ದಕ್ಕೂ ಸರಿದು, ಬಾಗಿದ ತುದಿಯಿಂದ ಹೊರಬೀಳುತ್ತದೆ. ಟ್ಯಾಪು ನಿಲ್ಲುವುದೂ ಇಲ್ಲ, ಹಿಂದೆ ತಿರುಗುವುದೂ ಇಲ್ಲ. ಟ್ಯಾಪಿನ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲವೆಂದೇ ಹೇಳಬೇಕು. ಉಗಿಬಂಡಿಯ ಬಾಯ್ಲರಿಗೆ ಬಳಸುತ್ತಿದ್ದ ಉದ್ದನೆಯ ಸ್ಟೇ ಟ್ಯಾಪನ್ನೂ ಇಲ್ಲಿ ನೆನೆಯಬಹುದು. ಬೆಂಕಿಗೂಡಿನ ಒಳತಗಡನ್ನೂ ಹೊರತಗಡನ್ನೂ ನೂರಾರು ಸ್ಟೇ ಬೋಲ್ಟುಗಳು ಹಿಡಿದಿರುತ್ತಿದ್ದವು. ಎರಡು ತಗಡಿನ ಥ್ರೆಡ್ಡೂ ಒಂದೇ ಸುರುಳಿಯ ಮುಂದುವರಿಕೆಯಾಗಿರದಿದ್ದರೆ ಬೋಲ್ಟು ಎರಡನೆಯದಕ್ಕೆ ಹಿಡಿಯುವುದೇ ಇಲ್ಲ; ಅದಕ್ಕೆ ಎರಡನ್ನೂ ಒಂದೇ ಓಟದಲ್ಲಿ ಟ್ಯಾಪ್ ಮಾಡುತ್ತಿದ್ದರು.

ಚೂರೇ ಬೇಡವೆಂದಾಗ

ಫಾರ್ಮ್ ಟ್ಯಾಪು ಅಥವಾ ರೋಲ್ ಟ್ಯಾಪು ಏನನ್ನೂ ಕತ್ತರಿಸುವುದಿಲ್ಲ. ಅದರ ಉಬ್ಬುಗಳು ತೂತಿನ ಗೋಡೆಯನ್ನು ಒತ್ತುತ್ತವೆ. ನಾದಿದ ಹಿಟ್ಟಿನಲ್ಲಿ ಬೆರಳೊತ್ತಿದರೆ ಪಕ್ಕ ಉಬ್ಬುವಂತೆ ಲೋಹ ಪಕ್ಕಕ್ಕೆ ಹರಿದು ಏಣಾಗಿ ಏಳುತ್ತದೆ. ಹರಿಯಲು ಲೋಹ ಬೇಕಾದ್ದರಿಂದ ಇದಕ್ಕೆ ತೂತು ದೊಡ್ಡದಿರಬೇಕು: ಲೆಕ್ಕ ಹೆಚ್ಚುಕಡಿಮೆ ವ್ಯಾಸದಿಂದ ಅರ್ಧ ಪಿಚ್ ಕಳೆದಷ್ಟು. ಎಂ6ಕ್ಕೆ 5 ಅಲ್ಲ, 5.5ರ ಆಸುಪಾಸು, ಎಂ10ಕ್ಕೆ 9.3. ಕತ್ತರಿಸುವ ಟ್ಯಾಪಿನ ಚಾರ್ಟು ನೋಡಿ ತೂತು ಕೊರೆದು ಇದನ್ನು ಇಳಿಸಿದರೆ ಮೊದಲ ತೂತಿನಲ್ಲೇ ಮುರಿಯುತ್ತದೆ. ತೂತಿನ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಇದು ಸಹಿಸುವುದಿಲ್ಲ. ತಿರುಗಿಸಲೂ ಹೆಚ್ಚು ಬಲ ಬೇಕು, ಒಳ್ಳೆಯ ಎಣ್ಣೆಯೂ ಬೇಕು.

ಇಷ್ಟೆಲ್ಲ ಸಹಿಸಿದರೆ ಸಿಗುವ ಫಲ ದೊಡ್ಡದು. ಚೂರಿಲ್ಲ, ಆದ್ದರಿಂದ ಆಳವಾದ ಬ್ಲೈಂಡ್ ತೂತಿನಲ್ಲಿ ಕಾಲುವೆ ಕಟ್ಟುವ ಭಯವಿಲ್ಲ. ಹತ್ಯಾರಿನಲ್ಲಿ ಚೂರಿನ ಕಾಲುವೆಯೇ ಇಲ್ಲ, ಇದ್ದರೆ ಎಣ್ಣೆಗೆಂದು ಸಣ್ಣ ಗೀರು, ಹೀಗಾಗಿ ಅದು ಗಟ್ಟಿಮುಟ್ಟು. ಲೋಹದ ಎಳೆಗಳು ತುಂಡಾಗದೆ ಏಣಿನ ಆಕಾರಕ್ಕೆ ಬಾಗುವುದರಿಂದ, ಒತ್ತಿದ ಪದರ ಗಡುಸಾಗುವುದರಿಂದ ಥ್ರೆಡ್ ಕೂಡ ಬಲವಾಗುತ್ತದೆ. ಏಣಿನ ತುದಿಯಲ್ಲಿ, ಎರಡು ಕಡೆಯಿಂದ ಎದ್ದ ಲೋಹ ಪೂರ್ತಿ ಕೂಡದೆ, ಸಣ್ಣ ಸೀಳು ಉಳಿಯುತ್ತದೆ. ಅದು ದೋಷವಲ್ಲ, ಆದರೂ ಕೊಳೆ ಕೂರಬಾರದ ಆಹಾರ ಯಂತ್ರ, ವೈದ್ಯಕೀಯ ಸಲಕರಣೆಗಳಲ್ಲಿ ಈ ವಿಧಾನವನ್ನು ಒಲ್ಲೆನ್ನುವವರಿದ್ದಾರೆ. ಅಲ್ಯುಮಿನಿಯಂ, ತಾಮ್ರ, ಮೃದು ಉಕ್ಕು, ಅಂದರೆ ಹಿಗ್ಗುವ ಗುಣವಿರುವ ಲೋಹಗಳಿಗೆ ಮಾತ್ರ ಇದು ಸಲ್ಲುತ್ತದೆ. ಬೀಡು ಹರಿಯುವುದಿಲ್ಲ, ಒಡೆಯುತ್ತದೆ.

ಲೇತ್ ಮತ್ತು ಮಿಲ್ಲಿಂಗ್

ತೂತು ದೊಡ್ಡದಾದಂತೆ ಟ್ಯಾಪ್ ದುಬಾರಿ, ತಿರುಗಿಸುವ ಬಲವೂ ಕೈಮೀರುತ್ತದೆ. ಆಗ ಲೇತ್ ಮೇಲು. ಬೋರಿಂಗ್ ಬಾರಿನ ತುದಿಗೆ 60 ಡಿಗ್ರಿಯ ಮೊನೆ ಕಟ್ಟಿ, ಲೀಡ್ ಸ್ಕ್ರೂವನ್ನು ಸ್ಪಿಂಡಲ್ಲಿಗೆ ಗೇರಿನಿಂದ ಜೋಡಿಸಿ, ಅದೇ ಜಾಡಿನಲ್ಲಿ ಹಲವು ಸಲ ಓಡಿಸಿ ಸ್ವಲ್ಪ ಸ್ವಲ್ಪವೇ ಆಳ ಹೆಚ್ಚಿಸುತ್ತಾರೆ. ಎಂ30ರ ಪಿಚ್ 3.5, ತೂತು 26.5 ಮಿ.ಮೀ.ಗೆ ಬೋರ್ ಮಾಡಿದ ಮೇಲೆ ಮೊನೆ ಒಂದು ಬದಿಗೆ ಸುಮಾರು 1.9 ಮಿ.ಮೀ. ಆಳಕ್ಕೆ ಹೋಗಬೇಕು. ಬಾರು ಉದ್ದವಾದಷ್ಟೂ ಬಾಗುತ್ತದೆ. ಅದಕ್ಕೆ ಕೊನೆಯಲ್ಲಿ ಆಳ ಹೆಚ್ಚಿಸದೆ ಒಂದೆರಡು ಸಲ ಸುಮ್ಮನೆ ಓಡಿಸಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಲೇತ್ ಕಟ್ಟಿದ ಎಚ್‌ಎಂಟಿಯ ಯಂತ್ರಗಳ ಮೇಲೆ ಈ ಕೆಲಸ ಕಲಿತವರು ಕರ್ನಾಟಕದಲ್ಲಿ ಬಹಳ ಮಂದಿ. ಇಂಚಿನ ಲೀಡ್ ಸ್ಕ್ರೂ ಇರುವ ಹಳೆಯ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ ಬೇಕಾದರೆ 127 ಹಲ್ಲಿನ ಗೇರು ಹುಡುಕಬೇಕು. ಇಂಚಿಗೆ 25.4 ಮಿ.ಮೀ., ಅದರ ಐದರಷ್ಟು 127. ಅದಕ್ಕಿಂತ ಸಣ್ಣ ಗೇರಿನಲ್ಲಿ ಲೆಕ್ಕ ಕರಾರುವಾಕ್ಕಾಗಿ ಕೂಡದು.

ಬ್ಲೈಂಡ್ ತೂತಿಗೆ ಲೇತಿನಲ್ಲಿ ಥ್ರೆಡ್ ಹಾಕುವವನ ಎದೆ ಡವಗುಟ್ಟುತ್ತದೆ. ತಳ ಮುಟ್ಟುವ ಮೊದಲೇ ಲೀಡ್ ಸ್ಕ್ರೂವನ್ನು ಕಚ್ಚಿರುವ ಹಾಫ್ ನಟ್ ಬಿಚ್ಚಿ ಮೊನೆ ಹಿಂದೆ ಸರಿಸಬೇಕು, ಒಂದು ಕ್ಷಣ ತಡವಾದರೆ ಮೊನೆ ಹೋಯಿತು. ತಳದಲ್ಲಿ ಮೊದಲೇ ಒಂದು ಗೀರು ತೆಗೆದಿಡುವುದು ಒಂದು ಪರಿಹಾರ. ಅನುಭವಿಗಳು ಬೇರೊಂದು ಮಾಡುತ್ತಾರೆ: ಮೊನೆಯನ್ನು ಎದುರು ಗೋಡೆಗೆ ಹಿಡಿದು, ಸ್ಪಿಂಡಲ್ ಉಲ್ಟಾ ತಿರುಗಿಸಿ, ತಳದಿಂದ ಹೊರಮುಖವಾಗಿ ಥ್ರೆಡ್ ಎಳೆಯುತ್ತಾರೆ. ಆಗ ಮೊನೆ ಗೋಡೆಗೆ ಗುದ್ದುವ ಪ್ರಶ್ನೆಯೇ ಇಲ್ಲ. ಥ್ರೆಡ್ಡಿನಿಂದ ಕೂರುವ ಹಳೆಯ ಚಕ್ಕಿನ ಲೇತಿನಲ್ಲಿ ಇದನ್ನು ಮಾಡಬಾರದು, ಚಕ್ಕೇ ಬಿಚ್ಚಿಕೊಂಡು ಬರುತ್ತದೆ.

ಕೆಲಸದ ತುಂಡು ತಿರುಗದೆ ಹತ್ಯಾರು ತಿರುಗುವುದು ಥ್ರೆಡ್ ಮಿಲ್ಲಿಂಗ್. ತೂತಿಗಿಂತ ಸಣ್ಣದಾದ, ಹಲ್ಲುಗಳಿರುವ ಕಾರ್ಬೈಡ್ ಕಟ್ಟರ್ ತಾನು ತಿರುಗುತ್ತಾ ತೂತಿನ ಗೋಡೆಯನ್ನು ಸುತ್ತುತ್ತದೆ, ಒಂದು ಸುತ್ತಿಗೆ ಒಂದು ಪಿಚ್ ಏರುತ್ತದೆ. ಇದಕ್ಕೆ ಮೂರು ಅಕ್ಷಗಳನ್ನು ಒಟ್ಟಿಗೆ ನಡೆಸಬಲ್ಲ ಸಿಎನ್‌ಸಿ ಬೇಕು. ಚೂರು ಉದ್ದ ಸುರುಳಿಯಾಗಿ ಬರುವುದಿಲ್ಲ, ಅಲ್ಪವಿರಾಮದಷ್ಟು ತುಣುಕುಗಳಾಗಿ ಉದುರುತ್ತದೆ. ಗಾಳಿಯೋ ಕೂಲಂಟೋ ಅವನ್ನು ತೊಳೆದುಹಾಕುತ್ತದೆ. ಒಂದೇ ಕಟ್ಟರಿನಿಂದ ಎಂ16×1.5, ಎಂ20×1.5 ಎರಡನ್ನೂ ಮಾಡಬಹುದು, ಪಿಚ್ ಒಂದಿದ್ದರೆ ಸಾಕು. ಕೆಳಗಿನಿಂದ ಏರಿದರೆ ಬಲಗೈ ಥ್ರೆಡ್, ಅದೇ ದಿಕ್ಕಿನಲ್ಲಿ ಸುತ್ತುತ್ತಾ ಮೇಲಿನಿಂದ ಇಳಿದರೆ ಎಡಗೈ ಥ್ರೆಡ್. ಥ್ರೆಡ್ ಬಿಗಿಯಾಗಿದೆ ಎನಿಸಿದರೆ ಪ್ರೋಗ್ರಾಮಿನಲ್ಲಿ ನೂರನೇ ಒಂದೆರಡು ಮಿ.ಮೀ. ತಿದ್ದಿ ಮತ್ತೆ ಓಡಿಸಬಹುದು. ಟ್ಯಾಪಿನಲ್ಲಿ ಆ ಸವಲತ್ತಿಲ್ಲ. ಇದು ಟ್ಯಾಪಿಗಿಂತ ನಿಧಾನ, ಹೆಚ್ಚು ಆಳಕ್ಕೆ ಹೋದರೆ ಕಟ್ಟರ್ ಬಾಗಿ ಥ್ರೆಡ್ ಕೆಳಗೆ ಕಿರಿದಾಗುತ್ತದೆ, ನಿಜ. ಆದರೆ ವಾರಗಟ್ಟಲೆ ದುಡಿದು ಮುಗಿಸಿದ ದುಬಾರಿ ಭಾಗದಲ್ಲಿ ಕೊನೆಯ ಕೆಲಸವೇ ಥ್ರೆಡ್ ಆಗಿದ್ದರೆ ಇದನ್ನೇ ಆರಿಸಬೇಕು. ಕಟ್ಟರ್ ತೂತಿಗಿಂತ ಸಣ್ಣದಿರುವುದರಿಂದ ಮುರಿದರೂ ಸಾಮಾನ್ಯವಾಗಿ ಸಿಕ್ಕಿಕೊಳ್ಳದೆ ಹೊರಬರುತ್ತದೆ, ಭಾಗ ಉಳಿಯುತ್ತದೆ.

ಗಟ್ಟಿ ಮಾಡಿದ ಉಕ್ಕಿನಲ್ಲಿ ಮಿಲ್ಲಿಂಗೂ ಸಾಗದಿದ್ದರೆ ಉಳಿಯುವುದು ವಿದ್ಯುತ್ ಕಿಡಿಯಿಂದ ಸವೆಸುವ ಇಡಿಎಂ. ತಾಮ್ರ ಅಥವಾ ಗ್ರಾಫೈಟಿನ ಥ್ರೆಡ್ ಕಡ್ಡಿಯನ್ನು ಎಣ್ಣೆಯಲ್ಲಿ ಮುಳುಗಿದ ತೂತಿನೊಳಗೆ ಸುತ್ತಿಸುತ್ತಾ ಹೋದರೆ ಕಿಡಿ ಹಾರಿ ಲೋಹ ಕಣಕಣವಾಗಿ ಕರಗಿ ಎಣ್ಣೆಯಲ್ಲಿ ತೇಲಿಹೋಗುತ್ತದೆ. ಬಲು ನಿಧಾನ, ಬೇರೆ ದಾರಿ ಇಲ್ಲದಿದ್ದಾಗ ಮಾತ್ರ.

ತೆಳು ತಗಡು

1 ಮಿ.ಮೀ. ದಪ್ಪದ ತಗಡಿನಲ್ಲಿ ಎಂ6 ಟ್ಯಾಪ್ ಹೊಡೆದರೆ ಸಿಗುವುದು ಒಂದೇ ಒಂದು ಸುತ್ತು. ಅದನ್ನು ನಂಬಿ ಏನನ್ನೂ ನೇತುಹಾಕುವಂತಿಲ್ಲ. ಆದ್ದರಿಂದ ಮೊದಲು ದಪ್ಪ ಹುಟ್ಟಿಸಬೇಕು. ಫ್ಲೋ ಡ್ರಿಲ್ಲಿಂಗ್‌ನಲ್ಲಿ ಅಂಚಿಲ್ಲದ ಕಾರ್ಬೈಡ್ ಮೊನೆ ಜೋರಾಗಿ ತಿರುಗುತ್ತಾ ತಗಡನ್ನು ಒತ್ತುತ್ತದೆ. ಉಜ್ಜಿಕೆಯ ಬಿಸಿಗೆ ಮೆತ್ತಗಾದ ಲೋಹ ಕೆಳಕ್ಕೆ ಹರಿದು, ತಗಡಿನ ದಪ್ಪದ ಮೂರರಷ್ಟು ಉದ್ದದ ಬುಶ್ ಆಗಿ ನಿಲ್ಲುತ್ತದೆ. ಅದರೊಳಗೆ ಫಾರ್ಮ್ ಟ್ಯಾಪ್ ಇಳಿಸಿದರೆ ಒಂದಿಷ್ಟೂ ಲೋಹ ವ್ಯರ್ಥವಾಗದೆ ಥ್ರೆಡ್ ಸಿದ್ಧ. ಚೌಕ ಪೈಪಿನಂತೆ ಒಳಗಡೆ ಕೈ ಹೋಗದ ಕಡೆ ಇದು ತುಂಬಾ ಉಪಯುಕ್ತ. ಇಲ್ಲವಾದರೆ ಸಿದ್ಧ ನಟ್ಟನ್ನೇ ತಗಡಿಗೆ ಅಂಟಿಸುವುದು: ಕಾರಿನ ಬಾಡಿಯಲ್ಲಿ ವೆಲ್ಡ್ ನಟ್ಟು, ವಿದ್ಯುತ್ ಪ್ಯಾನೆಲ್ಲುಗಳಲ್ಲಿ ಒತ್ತಿ ಕೂರಿಸುವ ಕ್ಲಿಂಚ್ ನಟ್ಟು, ಒಂದೇ ಬದಿಯಿಂದ ಹಾಕಬಲ್ಲ ರಿವೆಟ್ ನಟ್ಟು. ತನ್ನ ಥ್ರೆಡ್ಡನ್ನು ತಾನೇ ಮಾಡಿಕೊಳ್ಳುವ ಸ್ಕ್ರೂಗಳೂ ಇವೆ. ಅವುಗಳಲ್ಲಿ ಅಡ್ಡಸೀಳಿಕೆ ಪೂರ್ತಿ ದುಂಡಗಿಲ್ಲದೆ ಮೂರು ಉಬ್ಬಿನದಾಗಿರುವ ಬಗೆ, ಉಜ್ಜಿಕೆ ಕಡಿಮೆಯಾದ್ದರಿಂದ ದಪ್ಪ ಲೋಹಕ್ಕೂ ನಡೆಯುತ್ತದೆ.

ಪರೀಕ್ಷೆ, ಮುರಿದ ಟ್ಯಾಪು, ರಿಪೇರಿ

ಒಳಥ್ರೆಡ್ಡನ್ನು ಅಳೆಯುವುದು ಗೋ ಮತ್ತು ನೋ-ಗೋ ಎಂಬ ಎರಡು ತುದಿಯ ಪ್ಲಗ್ ಗೇಜಿನಿಂದ. ಗೋ ತುದಿ ಪೂರ್ತಿ ಆಳಕ್ಕೆ ಸಲೀಸಾಗಿ ಇಳಿಯಬೇಕು. ಕೆಂಪು ಗುರುತಿನ ನೋ-ಗೋ ಎರಡು ಸುತ್ತಿಗಿಂತ ಹೆಚ್ಚು ಹೋಗಬಾರದು. ಸಾಮಾನ್ಯ ಕೆಲಸಕ್ಕೆ 6ಎಚ್ ಎಂಬ ಮಿತಿ ಸಾಕು. ಬಿಸಿ ಸತುವಿನಲ್ಲಿ ಅದ್ದಿದ ಬೋಲ್ಟುಗಳದು ಬೇರೆ ಪ್ರಕರಣ. ಸತುವಿನ ಪದರದಿಂದ ಬೋಲ್ಟು ದಪ್ಪವಾಗಿರುವುದರಿಂದ ಅವುಗಳ ನಟ್ಟನ್ನು ಅದ್ದಿದ ಮೇಲೆ ದೊಡ್ಡ ಅಳತೆಯ ಟ್ಯಾಪಿನಿಂದ ಥ್ರೆಡ್ ಮಾಡುತ್ತಾರೆ. ನಟ್ಟಿನ ಒಳಗೆ ಸತು ಉಳಿಯುವುದಿಲ್ಲ, ಆದರೂ ತುಕ್ಕು ಹಿಡಿಯದಂತೆ ಬೋಲ್ಟಿನ ಸತುವೇ ಅದನ್ನು ಕಾಯುತ್ತದೆ.

ಟ್ಯಾಪ್ ತೂತಿನಲ್ಲಿ ಮುರಿದರೆ ಡ್ರಿಲ್ಲಿನಿಂದ ಕೊರೆದು ತೆಗೆಯಲಾಗದು. ಎರಡೂ ಹೈಸ್ಪೀಡ್ ಸ್ಟೀಲೇ, ಗಡುಸು ಒಂದೇ. ತುಂಡು ಮೇಲೆ ಕಾಣುತ್ತಿದ್ದರೆ ಉಳಿಯ ಮೊನೆಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಟ್ಟಿ ಸಡಿಲಿಸಬಹುದು, ಇಲ್ಲವೆ ಕಾಲುವೆಗಳಲ್ಲಿ ಬೆರಳು ಇಳಿಸುವ ಎಕ್ಸ್‌ಟ್ರಾಕ್ಟರ್ ಹಾಕಬಹುದು. ಆಗದಿದ್ದರೆ ಕಿಡಿ ಯಂತ್ರದಿಂದ ಟ್ಯಾಪಿನ ನಡುಭಾಗ ಸುಟ್ಟು ಉಳಿದ ಚೂರುಗಳನ್ನು ಆಯುತ್ತಾರೆ. ಭಾಗ ಅಲ್ಯುಮಿನಿಯಂ ಅಥವಾ ಹಿತ್ತಾಳೆಯದಾದರೆ ಗಡಿಯಾರ ರಿಪೇರಿಯವರ ಹಳೆಯ ಉಪಾಯವೂ ಉಂಟು: ಆಲಂ, ಅಂದರೆ ಪಟಿಕವನ್ನು ಕರಗಿಸಿದ ಬಿಸಿ ನೀರಿನಲ್ಲಿ ಮುಳುಗಿಸಿಟ್ಟರೆ ಉಕ್ಕು ನಿಧಾನವಾಗಿ ಕರಗುತ್ತದೆ, ಸುತ್ತಲಿನ ಲೋಹ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಥ್ರೆಡ್ಡೇ ಕಿತ್ತುಹೋಗಿದ್ದರೆ ದೊಡ್ಡ ಬೋಲ್ಟಿಗೆ ಟ್ಯಾಪ್ ಹೊಡೆಯುವುದು ಎಲ್ಲರೂ ಮೊದಲು ಯೋಚಿಸುವ ದಾರಿ. ಬೈಕಿನ ಅಲ್ಯುಮಿನಿಯಂ ಎಂಜಿನ್ನಿನ ಆಯಿಲ್ ಡ್ರೈನ್ ಬೋಲ್ಟು, ಸ್ಪಾರ್ಕ್ ಪ್ಲಗ್ಗುಗಳ ತೂತಿನಲ್ಲಿ ಥ್ರೆಡ್ ಹೀಗೆ ಕೀಳುವುದು ಸಾಮಾನ್ಯ. ಪ್ಲಗ್ಗಿನ ಅಳತೆ ಬದಲಿಸುವಂತಿಲ್ಲವಾದ್ದರಿಂದ ಅಲ್ಲಿ ಹೆಲಿಕಾಯಿಲ್ ಹಾಕುತ್ತಾರೆ. ವಜ್ರಾಕಾರದ ಅಡ್ಡಸೀಳಿಕೆಯ ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿರುವ ಇದರ ಹೊರಮೈ ದೊಡ್ಡ ಟ್ಯಾಪಿನ ಥ್ರೆಡ್ಡಿಗೆ, ಒಳಮೈ ಮೂಲ ಅಳತೆಯ ಬೋಲ್ಟಿಗೆ ಹೊಂದುತ್ತದೆ. ಭಾರವನ್ನು ಏಣುಗಳಿಗೆ ಹಂಚಿ ಹಾಕುವುದರಿಂದ ಮೃದು ಲೋಹದಲ್ಲಿ ಇದು ಮೂಲ ಥ್ರೆಡ್ಡಿಗಿಂತ ಗಟ್ಟಿ. ವಿಮಾನದ ಅಲ್ಯುಮಿನಿಯಂ, ಮೆಗ್ನೀಸಿಯಂ ಭಾಗಗಳಿಗೆ ರಿಪೇರಿಯ ತನಕ ಕಾಯದೆ ಹೊಸದರಲ್ಲೇ ಹಾಕಿಬಿಡುತ್ತಾರೆ. ಕೂರಿಸುವ ಹತ್ಯಾರು ಹಿಡಿಯಲೆಂದು ತಂತಿಯ ತುದಿಯಲ್ಲಿ ಅಡ್ಡವಾಗಿ ಒಂದು ಪುಟ್ಟ ಬಾಲ ಇರುತ್ತದೆ. ತಂತಿ ಕೂತ ಮೇಲೆ ಅದನ್ನು ಮುರಿಯಬೇಕು. ಎಂಜಿನ್ನಿನ ಒಳಕ್ಕೆ ತೆರೆದ ತೂತಾದರೆ ಮುರಿದ ಬಾಲ ಒಳಗೆ ಬೀಳದಂತೆ ಹಿಡಿದು, ಹಾಕಿದ ತಂತಿಗಳೆಷ್ಟು, ಕೈಗೆ ಬಂದ ಬಾಲಗಳೆಷ್ಟು ಎಂದು ಎಣಿಸಿ ನೋಡಿದ ಮೇಲೆಯೇ ಮುಚ್ಚಳ ಮುಚ್ಚುತ್ತಾರೆ.